‘ಇನ್ನೂ ಚಿಕ್ಕದು ಮಾಡು’ ಅಂದರೆ ಏನು ಮಾಡಬೇಕು ಸರ್?

ಪ್ರಶ್ನೆ:

ಸರ್, ನಾನು ಅಂಕೋಲಾ ತಾಲೂಕಿನವಳು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಜುಲೈ ಕೊನೆಯೊಳಗೆ ಐವತ್ತು ಪುಟದ ಸಂಶೋಧನಾ ಪ್ರಬಂಧ ಕೊಡಬೇಕು. ‘ಉತ್ತರ ಕನ್ನಡ ಜಿಲ್ಲೆಯ ಮೀನುಗಾರ ಮಹಿಳೆಯರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ’ ಅಂತ ವಿಷಯ ಬರೆದುಕೊಂಡು ಹೋದೆ. ಗೈಡ್ ನೋಡಿ ‘ತುಂಬಾ ದೊಡ್ಡದಾಯ್ತು, ಚಿಕ್ಕದು ಮಾಡಿಕೊಂಡು ಬಾ’ ಅಂದರು. ಜಿಲ್ಲೆ ತೆಗೆದು ಅಂಕೋಲಾ ತಾಲೂಕು ಅಂತ ಹಾಕಿದೆ. ‘ಇನ್ನೂ ಚಿಕ್ಕದು’ ಅಂದರು. ಇನ್ನೂ ಚಿಕ್ಕದು ಮಾಡಿದರೆ ಐವತ್ತು ಪುಟ ಹೇಗೆ ತುಂಬುತ್ತದೆ? ಶೋಧಗಂಗಾದಲ್ಲಿ (ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹ) ಹುಡುಕಿದರೆ ಮೀನುಗಾರ ಮಹಿಳೆಯರ ಮೇಲೆ ಆಗಲೇ ಪ್ರಬಂಧಗಳಿವೆ. ಯಾರೂ ಮಾಡದ ವಿಷಯ ತಗೋ ಅಂತ ಗೆಳತಿ ಹೇಳುತ್ತಾಳೆ. ನನ್ನ ಆಯಿ (ತಾಯಿ) ಇಪ್ಪತ್ತೈದು ವರ್ಷದಿಂದ ಮೀನು ಮಾರುತ್ತಾಳೆ. ಮನೆಯವರ ಕೆಲಸದ ಬಗ್ಗೆ ಬರೆದರೆ ಅದನ್ನು ಸಂಶೋಧನೆ ಅನ್ನುತ್ತಾರಾ? ವಿಷಯವನ್ನೇ ಬದಲಿಸಿಬಿಡಲಾ?

ಉತ್ತರ:

ಬದಲಿಸಬೇಡಿ. ನಿಮ್ಮ ಕೈಯಲ್ಲಿ ಒಳ್ಳೆಯ ವಿಷಯ ಇದೆ. ಆದರೆ ಅದರೊಳಗೆ ಇನ್ನೂ ಒಂದು ಪ್ರಶ್ನೆ ಇಲ್ಲ. ನಿಮ್ಮ ಗೈಡ್ ಹೇಳುತ್ತಿರುವುದು ಬಹುಶಃ ಇದನ್ನೇ. ನಾವು ಮೇಷ್ಟ್ರುಗಳಿಗೆ ಒಂದು ಕೆಟ್ಟ ಚಾಳಿ ಇದೆ: ‘ಚಿಕ್ಕದು ಮಾಡು’ ಅಂತೇವೆ, ಹೇಗೆ ಅಂತ ಹೇಳುವುದಿಲ್ಲ. ವಿದ್ಯಾರ್ಥಿ ಹೋಗಿ ಜಿಲ್ಲೆ ಕತ್ತರಿಸಿ ತಾಲೂಕು ಮಾಡುತ್ತಾನೆ, ತಾಲೂಕು ಕತ್ತರಿಸಿ ಊರು ಮಾಡುತ್ತಾನೆ. ನೀವೂ ಅದನ್ನೇ ಮಾಡಿದ್ದೀರಿ. ಅದರಲ್ಲಿ ನಕ್ಷೆ ಚಿಕ್ಕದಾಯ್ತು, ಕೆಲಸ ಚಿಕ್ಕದಾಗಲಿಲ್ಲ. ‘ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿ’ ಅನ್ನುವುದು ಅಂಕೋಲೆಯಲ್ಲೂ ಅಷ್ಟೇ ದೊಡ್ಡದು. ಮನೆ, ಮದುವೆ, ಸಾಲ, ಶಾಲೆ, ಆರೋಗ್ಯ, ಜಾತಿ, ಕುಡಿತ, ಸಂಘ ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತದೆ. ಒಂದೊಂದಕ್ಕೂ ನಾಲ್ಕು ಪುಟ, ಕೊನೆಗೆ ‘ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು’. ಇಂಥ ಪ್ರಬಂಧ ನಾನು ಎಷ್ಟು ತಿದ್ದಿದ್ದೇನೋ ಲೆಕ್ಕವಿಲ್ಲ. (ಆ ‘ಒಂದು ಅಧ್ಯಯನ’ ಅನ್ನುವುದನ್ನೂ ತೆಗೆಯಿರಿ. ಹಾಕದಿದ್ದರೆ ಯಾರಾದರೂ ಕಾದಂಬರಿ ಅಂದುಕೊಳ್ಳುತ್ತಾರಾ?)

ವಿಷಯ ಸಾಕಷ್ಟು ಬಿಗಿಯಾಗಿದೆಯಾ ಅಂತ ನೋಡಲು ನಾನು ಮಾಡುವುದು ಇಷ್ಟೆ. ನಿಮ್ಮ ಶೀರ್ಷಿಕೆಯಲ್ಲಿ ‘ಉತ್ತರ ಕನ್ನಡ’ ಇರುವ ಕಡೆ ‘ಉಡುಪಿ’ ಅಂತ ಹಾಕಿ ನೋಡಿ. ‘ರತ್ನಾಗಿರಿ’ ಅಂತ ಹಾಕಿ. ಏನೂ ಏರುಪೇರಾಗಲಿಲ್ಲ ಅಲ್ವಾ? ಹಾಗಿದ್ದರೆ ನಿಮ್ಮ ಊರಲ್ಲಿ ಕಂಡದ್ದು ಯಾವುದೂ ಆ ವಿಷಯದೊಳಗೆ ಇನ್ನೂ ಬಂದಿಲ್ಲ. ಈಗ ಕಂಪ್ಯೂಟರನ್ನು ಕೇಳಿ ವಿಷಯ ತರುವವರು ಜಾಸ್ತಿ. ಅದು ಕೊಡುವ ಹತ್ತರಲ್ಲಿ ಒಂಬತ್ತು ಯಾವ ಕರಾವಳಿಗಾದರೂ ಹೊಂದುತ್ತವೆ.

ಒಂದು ಉದಾಹರಣೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಶಿರಸಿ ಕಡೆಯ ಒಬ್ಬ ಹುಡುಗ ‘ಅಡಿಕೆ ಬೆಳೆಗಾರರ ಸಮಸ್ಯೆಗಳು’ ಅಂತ ಬರೆದುಕೊಂಡು ಬಂದಿದ್ದ. ಕೊಳೆರೋಗ, ದರ, ಆಮದು, ಮಂಗನ ಕಾಟ ಎಲ್ಲ ಪಟ್ಟಿಯಲ್ಲಿತ್ತು. ಅದನ್ನು ಪಕ್ಕಕ್ಕಿಡಿಸಿ, ಈ ವರ್ಷ ನಿಮ್ಮ ಮನೆಯಲ್ಲಿ ಯಾವುದಕ್ಕೆ ಜಾಸ್ತಿ ಜಗಳ ಆಯ್ತು ಅಂತ ಕೇಳಿದೆ. ಹುಡುಗ ನಕ್ಕು, ‘ಕೊನೆಗೌಡ ಬರಲಿಲ್ಲ ಅಂತ ಸರ್. ಅಪ್ಪ ಮೂರು ಸಲ ಅವರ ಮನೆಗೆ ಹೋಗಿ ಬಂದರು’ ಅಂದ. ಮರ ಹತ್ತಿ ಕೊನೆ ಕೊಯ್ಯುವವರು ಕಡಿಮೆಯಾಗಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಇರುವ ನಾಲ್ಕೈದು ಜನ ಯಾರ ತೋಟಕ್ಕೆ ಮೊದಲು ಹೋಗಬೇಕು ಅನ್ನುವುದನ್ನು ಯಾರು ತೀರ್ಮಾನ ಮಾಡುತ್ತಾರೆ? ದೊಡ್ಡ ತೋಟದವರಾ, ಹಳೇ ಪರಿಚಯದವರಾ, ಮುಂಗಡ ಕೊಟ್ಟವರಾ? ನೆಲದಲ್ಲೇ ನಿಂತು ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಈ ಲೆಕ್ಕ ಬದಲಾಯ್ತಾ? ಅವನು ಒಂದೇ ಊರು ಹಿಡಿದ. ಅಜ್ಜ ಬರೆದಿಟ್ಟ ಕೂಲಿ ಲೆಕ್ಕದ ಪುಸ್ತಕಗಳು ಅಟ್ಟದ ಮೇಲೆ ಸಿಕ್ಕವು. ನಾಲ್ಕು ಜನ ಕೊನೆಗೌಡರನ್ನು ಮಾತಾಡಿಸಿದ. ಅದರಲ್ಲಿ ಒಬ್ಬರು ಹೇಳಿದ ಮಾತು ಪ್ರಬಂಧದ ದಿಕ್ಕನ್ನೇ ತಿರುಗಿಸಿತು: ಕೂಲಿ ಎಷ್ಟು ಅನ್ನುವುದಕ್ಕಿಂತ, ಮರದಿಂದ ಬಿದ್ದರೆ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ ಅನ್ನುವುದನ್ನು ನೋಡಿ ತೋಟ ಆರಿಸಿಕೊಳ್ಳುತ್ತೇನೆ ಅಂದಿದ್ದರು. ಕೊನೆಗೆ ಪುಟ ಕಡಿಮೆ ಬೀಳಲಿಲ್ಲ, ಜಾಸ್ತಿಯಾಗಿ ಕತ್ತರಿಸಬೇಕಾಯ್ತು.

ಐವತ್ತು ಪುಟದ ಭಯಕ್ಕೂ ಇದೇ ಉತ್ತರ. ದೊಡ್ಡ ವಿಷಯದಲ್ಲಿ ಪುಟ ತುಂಬುವುದು ಬೇರೆಯವರ ಪುಸ್ತಕಗಳಿಂದ. ಹತ್ತು ಕಡೆಯಿಂದ ಎತ್ತಿ ಜೋಡಿಸಿದರೆ ಆಯ್ತು, ಆಮೇಲೆ ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರಿನ ಮುಂದೆ ಬೆವರಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10 ದಾಟಿದರೆ ತೊಂದರೆ ಶುರು. ಸಣ್ಣ ಪ್ರಶ್ನೆ ಇಟ್ಟುಕೊಂಡವರಿಗೆ ಪುಟ ತುಂಬುವುದು ತಾವೇ ನೋಡಿದ್ದರಿಂದ, ಕೇಳಿದ್ದರಿಂದ.

ಆದರೆ ಪ್ರಶ್ನೆ ತೀರಾ ಸಣ್ಣದಾಗುವುದೂ ಉಂಟು. ಒಂದು ಫೋನ್ ಮಾಡಿ ಉತ್ತರ ತಿಳಿದುಕೊಳ್ಳಬಹುದಾದರೆ ಅದು ಸಂಶೋಧನೆಯ ಪ್ರಶ್ನೆ ಆಗುವುದಿಲ್ಲ. ‘ಅಂಕೋಲಾ ಮಾರ್ಕೆಟ್ಟಿನಲ್ಲಿ ಎಷ್ಟು ಜನ ಹೆಂಗಸರು ಕೂರುತ್ತಾರೆ’ ಅನ್ನುವುದನ್ನು ಒಂದು ಬೆಳಿಗ್ಗೆ ಎಣಿಸಬಹುದು. ‘ಅವರಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದು ಹೇಗೆ ತೀರ್ಮಾನ ಆಯ್ತು’ ಅಂತ ಕೇಳಿದರೆ ತಿಂಗಳು ಬೇಕು.

ಇನ್ನು ನಿಮ್ಮ ಗೆಳತಿಯ ಮಾತು. ಯಾರೂ ಮುಟ್ಟದ ವಿಷಯ ಅನ್ನುವುದು ಕೇಳಲು ಚೆನ್ನಾಗಿರುತ್ತದೆ. ಆದರೆ ಎಂ.ಎ. ಮಟ್ಟದಲ್ಲಿ ಅದರ ಹಿಂದೆ ಹೋದರೆ ದಾರಿಯಲ್ಲೇ ಉಳಿಯುತ್ತೀರಿ. ಯಾರೂ ಬರೆಯದ ವಿಷಯಕ್ಕೆ ಹಲವು ಸಲ ಕಾರಣ ಇರುತ್ತದೆ: ಕಾಗದಪತ್ರ ಸಿಗುವುದಿಲ್ಲ, ಸಿಕ್ಕರೂ ಓದಲು ಬರುವುದಿಲ್ಲ. ಇದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತೆ. ಎಂ.ಫಿಲ್.ಗೆ ‘ಉತ್ತರ ಕನ್ನಡದಲ್ಲಿ ಸ್ವಾತಂತ್ರ್ಯ ಹೋರಾಟ’ ಅಂತ ಇಟ್ಟುಕೊಂಡಿದ್ದೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಆಮೇಲಿನ ಕರನಿರಾಕರಣೆ, ಎಲ್ಲವನ್ನೂ ನಾನೊಬ್ಬನೇ ಬರೆದುಬಿಡುತ್ತೇನೆ ಅನ್ನುವ ಹುಮ್ಮಸ್ಸು. ನಮ್ಮ ಜಿಲ್ಲೆ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿ, 1956ರವರೆಗೂ ಆ ಕಡೆಯೇ ಇತ್ತು ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಹಾಗಾದರೆ ಕಡತಗಳೂ ಮುಂಬೈಯಲ್ಲೇ ಇರುತ್ತವೆ ಅನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ. ಸಾಲ ಮಾಡಿ ಮುಂಬೈಗೆ ಹೋದೆ. ಕೆಲವು ಇಂಗ್ಲಿಷ್ ಕಡತ ಸಿಕ್ಕವು. ನನಗೆ ಬೇಕಾದ ಹಳೆಯ ಕಾಗದಗಳಲ್ಲಿ ಕೆಲವು ಮೋಡಿ ಲಿಪಿಯಲ್ಲಿದ್ದವು, ಹಿಂದೆ ಮರಾಠಿ ಬರೆಯುತ್ತಿದ್ದ ಕೂಡಕ್ಷರದ ಲಿಪಿ ಅದು. ಒಂದಕ್ಷರ ಗೊತ್ತಾಗಲಿಲ್ಲ. ಹನ್ನೊಂದು ದಿನ ಆ ಕಾಗದಗಳನ್ನು ನೋಡಿಕೊಂಡು ಕೂತು ವಾಪಸ್ ಬಂದೆ. ಕೊನೆಗೆ ಬರೆದದ್ದು ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡ ಒಂದೇ ಊರಿನ ಕೆಲವು ಮನೆಗಳ ಬಗ್ಗೆ. ಜಮೀನು ಹೋದ ವರ್ಷಗಳಲ್ಲಿ ಆ ಮನೆಯವರು ಊಟಕ್ಕೆ ಏನು ಮಾಡಿದರು? ಇದನ್ನು ಕೇಳಲು ಮುಂಬೈಗೆ ಹೋಗಬೇಕಿರಲಿಲ್ಲ, ಬಸ್ಸಿನಲ್ಲಿ ಒಂದು ಗಂಟೆ ಸಾಕಿತ್ತು.

ಆದ್ದರಿಂದ ಶೋಧಗಂಗಾದಲ್ಲಿ ಆಗಲೇ ಪ್ರಬಂಧಗಳಿವೆ ಅಂತ ಹೆದರಬೇಡಿ. ಇರುವುದು ಒಳ್ಳೆಯದು. ಎರಡು ಮೂರನ್ನು ತೆಗೆದು, ಕೊನೆಯ ಅಧ್ಯಾಯವನ್ನು ಮೊದಲು ಓದಿ. ‘ಮುಂದಿನ ಅಧ್ಯಯನಕ್ಕೆ ಅವಕಾಶ’ ಅಂತ ಒಂದು ಭಾಗ ಇರುತ್ತದೆ, ಅಲ್ಲಿ ಅವರು ಮಾಡಲಾಗದೆ ಬಿಟ್ಟದ್ದು ಗೊತ್ತಾಗುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 2005, 2010, 2016ರಲ್ಲಿ ಮೀನುಗಾರರ ಗಣತಿ ಮಾಡಿದ್ದಾರೆ. ಕುಟುಂಬಗಳ ಸಂಖ್ಯೆ, ಓದು, ಹೆಂಗಸರ ಕೆಲಸ ಇವೆಲ್ಲದರ ಲೆಕ್ಕ ಅದರಲ್ಲಿದೆ. ಆ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ. ಅಂದರೆ ನಿಮ್ಮ ಮೊದಲ ಶೀರ್ಷಿಕೆಯ ಅರ್ಧ ಕೆಲಸವನ್ನು ಬೇರೆಯವರು ನಿಮಗಿಂತ ಚೆನ್ನಾಗಿ ಮಾಡಿಟ್ಟಿದ್ದಾರೆ. ಅದನ್ನು ಹಿನ್ನೆಲೆಯಾಗಿ ಎರಡು ಪುಟದಲ್ಲಿ ಹೇಳಿ ಮುಂದೆ ಹೋಗಿ. ಹಳೆಯ ಚಿತ್ರ ಬೇಕಿದ್ದರೆ 1883ರ ಮುಂಬೈ ಪ್ರಾಂತ್ಯದ ಗ್ಯಾಜೆಟಿಯರಿನ ಕೆನರಾ ಸಂಪುಟ ನೋಡಿ. ಹರಿಕಂತ್ರರು, ಖಾರ್ವಿಗಳು, ಗಾಬಿತರು, ಅಂಬಿಗರು, ಮೊಗೇರರು, ಹೀಗೆ ಕರಾವಳಿಯ ಮೀನುಗಾರ ಸಮುದಾಯಗಳ ವಿವರ ಸಿಗುತ್ತದೆ. ಬರೆದವರು ಬ್ರಿಟಿಷ್ ಅಧಿಕಾರಿಗಳು ಅನ್ನುವುದು ನೆನಪಿರಲಿ. ಅವರು ಒಂದು ಜಾತಿಯ ‘ಗುಣ’ದ ಬಗ್ಗೆ ಬರೆದದ್ದನ್ನು ಹಾಗೇ ಎತ್ತಿ ಹಾಕಬೇಡಿ.

ಈಗ ನಿಮ್ಮ ಮುಂದೆ ಏನೇನು ದಾರಿಗಳಿವೆ ನೋಡೋಣ. ಒಂದೊಂದರಲ್ಲೂ ಒಂದೊಂದು ತೊಂದರೆ ಇದೆ, ಅದನ್ನೂ ಹೇಳುತ್ತೇನೆ.

ಇದ್ದ ಶೀರ್ಷಿಕೆಯನ್ನೇ ಇಟ್ಟುಕೊಂಡು ಇನ್ನೂರು ಜನಕ್ಕೆ ಪ್ರಶ್ನಾವಳಿ ಹಂಚುವುದು ಒಂದು. ಬಹಳ ಜನ ಮಾಡುವುದು ಇದನ್ನೇ. ಪಾಸಾಗುತ್ತೀರಿ. ಆದರೆ ಮಾರ್ಕೆಟ್ಟಿನಲ್ಲಿ ಕೂತ ಹೆಂಗಸು ಗಿರಾಕಿ ಬಿಟ್ಟು ನಿಮ್ಮ ನಲವತ್ತು ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಕೊನೆಗೆ ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ತಾವೇ ತುಂಬಿಕೊಂಡವರನ್ನು ನಾನು ನೋಡಿದ್ದೇನೆ. ಕಾರವಾರದಿಂದ ಭಟ್ಕಳದವರೆಗೆ ಐದು ತಾಲೂಕು, ಸುಮಾರು 140 ಕಿಲೋಮೀಟರ್ ಕರಾವಳಿ. ರಂಪಣಿ ಬಲೆ ಎಳೆಯಲು ಊರಿನ ಜನವೆಲ್ಲ ದಡದಲ್ಲಿ ನಿಲ್ಲಬೇಕಿತ್ತು. ನೀವು ಒಬ್ಬರೇ, ಅದೂ ಐದು ತಿಂಗಳು.

ಸಾಲದ ಬಗ್ಗೆ ಕೇಳುವುದು ಇನ್ನೊಂದು. ಬೆಳಿಗ್ಗೆ ಬಂದರಿನಲ್ಲಿ ಹರಾಜಿಗೆ ನಿಲ್ಲಲು ದುಡ್ಡು ಎಲ್ಲಿಂದ ಬರುತ್ತದೆ? ಸ್ವಸಹಾಯ ಸಂಘದ ಸಾಲವಾ, ದಿನದ ಬಡ್ಡಿಯ ಸಾಲವಾ, ಬೋಟಿನವರ ಉದ್ರಿಯಾ? ಪ್ರಶ್ನೆ ಗಟ್ಟಿಯಾಗಿದೆ. ಆದರೆ ಸಾಲದ ಬಗ್ಗೆ ಯಾರೂ ಮೊದಲ ಸಲಕ್ಕೆ ನಿಜ ಹೇಳುವುದಿಲ್ಲ. ಸಂಘದ ಪುಸ್ತಕ ತೋರಿಸಿ ಅಂದರೆ ಬಾಗಿಲು ಮುಚ್ಚಬಹುದು. ನಂಬಿಕೆ ಬೆಳೆಯಲು ಆರೆಂಟು ತಿಂಗಳು ಬೇಕಾಗುವ ಕೆಲಸ ಇದು. ಮುಂದೆ ಪಿಎಚ್.ಡಿ. ಮಾಡುವ ಆಸೆ ಇದ್ದರೆ ಎತ್ತಿಡಿ.

ಹಳೆಯ ನೆನಪುಗಳನ್ನು ಕಲೆಹಾಕುವುದೂ ಒಳ್ಳೆಯ ದಾರಿ. ಎಪ್ಪತ್ತರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟುಗಳು ಬಂದು ರಂಪಣಿ ಬಹುತೇಕ ಕಣ್ಮರೆಯಾಯ್ತು. ರಂಪಣಿ ಇದ್ದಾಗ ಬಂಗಡೆ, ತಾರ್ಲೆ ಮನೆ ಮುಂದಿನ ದಡಕ್ಕೇ ಬರುತ್ತಿತ್ತು. ಆಮೇಲೆ ಮೀನು ಬಂದರಿಗೆ ಹೋಯ್ತು, ಹೆಂಗಸರು ಮೀನಿನ ಹಿಂದೆ ಹೋಗಬೇಕಾಯ್ತು. ಆಗ ಇಪ್ಪತ್ತರ ಪ್ರಾಯದಲ್ಲಿದ್ದವರು ಈಗ ಎಪ್ಪತ್ತರ ಹತ್ತಿರ ಇದ್ದಾರೆ. ಆ ನಡಿಗೆ, ಆ ಬುಟ್ಟಿ, ಆ ಬಸ್ಸಿನ ಕಂಡಕ್ಟರನ ಜೊತೆಗಿನ ಜಗಳ, ಎಲ್ಲ ಅವರ ಬಾಯಲ್ಲೇ ಇದೆ, ಕಾಗದದಲ್ಲಿ ಇಲ್ಲ. ತೊಂದರೆ ಏನೆಂದರೆ ನೆನಪು ವರ್ಷಗಳನ್ನು ಕಲಸುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಒರೆಗೆ ಹಚ್ಚಬೇಕು. ‘ಹಿಂದೆ ಎಲ್ಲ ಚಂದ ಇತ್ತು’ ಅನ್ನುವ ಮಾತಿಗೆ ಮರುಳಾದರೆ ಪ್ರಬಂಧ ಹಾಡಿನ ಥರ ಆಗುತ್ತದೆ.

ನನ್ನನ್ನು ಕೇಳಿದರೆ ನಿಮಗೆ ಹೇಳಿ ಮಾಡಿಸಿದಂಥ ಪ್ರಶ್ನೆ ಬೇರೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕಡೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟು ನೀರಿಗಿಳಿಯುವುದಿಲ್ಲ. ಆದರೆ ಮಾರ್ಕೆಟ್ಟು ಮುಚ್ಚುವುದಿಲ್ಲ, ಬುಟ್ಟಿ ಹೊತ್ತವರು ಬೀದಿಯಲ್ಲಿ ಕಾಣುತ್ತಾರೆ. ಹಾಗಾದರೆ ಆ ಮೀನು ಎಲ್ಲಿಂದ ಬಂತು? ಒಂದಿಷ್ಟು ಸಾಂಪ್ರದಾಯಿಕ ದೋಣಿಗಳದ್ದು, ಒಂದಿಷ್ಟು ಹೊಳೆಯದ್ದು, ಒಂದಿಷ್ಟು ಬೇಸಿಗೆಯಲ್ಲೇ ಒಣಗಿಸಿಟ್ಟದ್ದು. ಐಸಿನಲ್ಲಿ ಹೊರಗಿನಿಂದ ಬರುವುದೂ ಇರುತ್ತದೆ. ಇಲ್ಲೊಂದು ಸ್ವಾರಸ್ಯ ಇದೆ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ ಮೊದಲ ಹದಿನಾಲ್ಕು ದಿನ ಎರಡೂ ಕಡಲಲ್ಲಿ ಬೋಟುಗಳು ನಿಂತಿರುತ್ತವೆ. 15ರಿಂದ ಆ ಕಡೆ ಕಡಲು ತೆರೆಯುತ್ತದೆ. ಆ ಎರಡು ಭಾಗಗಳಲ್ಲಿ ನಿಮ್ಮ ಆಯಿಯ ಬುಟ್ಟಿ ಬೇರೆ ಬೇರೆ ಇರುತ್ತದಾ? ದರ ಯಾರು ಹೇಳುತ್ತಾರೆ, ಬಂದರಿನ ಹರಾಜು ಇಲ್ಲದಾಗ? ಲಾರಿ ಮೀನು ಕೊಳ್ಳುವ ಶಕ್ತಿ ಎಲ್ಲ ಹೆಂಗಸರಿಗೂ ಇರುತ್ತದಾ, ಅಥವಾ ಕೆಲವರು ಆ ಎರಡು ತಿಂಗಳು ಒಣಮೀನಿಗೋ ಬೇರೆ ಕೂಲಿಗೋ ಹೋಗುತ್ತಾರಾ?

ಇದನ್ನು ನಾನು ಇಷ್ಟಪಡಲು ಕಾರಣ, ಇದಕ್ಕೆ ಬೇಲಿಯನ್ನು ಸರ್ಕಾರವೇ ಹಾಕಿಕೊಟ್ಟಿದೆ: 61 ದಿನ. ಜಾಗ ಒಂದು ಮಾರ್ಕೆಟ್ಟು. ಜನ ಹನ್ನೆರಡೋ ಹದಿನೈದೋ. ಶೀರ್ಷಿಕೆಯಲ್ಲಿ ಊರು ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ತೊಂದರೆ ಇರುವುದು ಸಮಯದಲ್ಲಿ. ಈಗ ಫೆಬ್ರವರಿ. ನೀವು ಕೊಡಬೇಕಾದದ್ದು ಜುಲೈ ಕೊನೆಗೆ. ಹಾಗಾಗಿ ಕಣ್ಣಾರೆ ನೋಡಲು ಸಿಗುವುದು ಜೂನ್ ಒಂದೇ ತಿಂಗಳು, ಜುಲೈ ಬರೆಯಲು ಬೇಕು. ಜೂನಿನಲ್ಲಿ ಪರೀಕ್ಷೆ ಬಂದರೆ, ಮಳೆಗೆ ಜ್ವರ ಬಂದು ವಾರ ಮಲಗಿದರೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೆ ಮಾರ್ಚ್‌ನಿಂದ ಮೇವರೆಗೆ ‘ಕಳೆದ ಮಳೆಗಾಲದಲ್ಲಿ ಏನು ಮಾಡಿದಿರಿ’ ಅಂತ ಮಾತಾಡಿಸಿ ಮುಗಿಸಿ. ಹಿಂದಿನ ಅಧ್ಯಾಯಗಳನ್ನು ಬರೆದಿಡಿ. ಜೂನ್ ಸಿಕ್ಕಷ್ಟು ಲಾಭ.

ಆಯಿಯ ವಿಷಯಕ್ಕೆ ಬರುತ್ತೇನೆ. ಮನೆಯವರ ಕೆಲಸದ ಬಗ್ಗೆ ಬರೆಯಬಾರದು ಅನ್ನುವ ನಿಯಮ ಎಲ್ಲೂ ಇಲ್ಲ. ಸಮಾಜಶಾಸ್ತ್ರದಲ್ಲಂತೂ ಇದು ಹೊಸದೇ ಅಲ್ಲ. ಪ್ರಬಂಧದ ಶುರುವಿನಲ್ಲೇ ‘ನನ್ನ ತಾಯಿ ಇದೇ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ’ ಅಂತ ಒಂದು ಸಾಲು ಬರೆಯಿರಿ, ಮುಚ್ಚಿಡಬೇಡಿ. ಲಾಭ ದೊಡ್ಡದು: ಹೊರಗಿನವರು ಮೂರು ತಿಂಗಳು ಕಾದು ಪಡೆಯುವ ವಿಶ್ವಾಸ ನಿಮಗೆ ಮೊದಲ ದಿನವೇ ಸಿಗುತ್ತದೆ. ನಷ್ಟವೂ ಇದೆ. ಗೊತ್ತಿದೆ ಅಂದುಕೊಂಡದ್ದನ್ನು ನೀವು ಕೇಳುವುದೇ ಇಲ್ಲ. ಬಂಗಡೆಯನ್ನು ಪಾಲು ಹಾಕಿಡುವಾಗ ಒಂದು ಪಾಲಿಗೆ ಎಷ್ಟು, ಮಧ್ಯಾಹ್ನ ಆದ ಮೇಲೆ ಅದೇ ಪಾಲಿಗೆ ಎರಡು ಮೀನು ಯಾಕೆ ಜಾಸ್ತಿ, ಯಾವ ಗಿರಾಕಿಗೆ ಉದ್ರಿ, ಯಾರಿಗೆ ಇಲ್ಲ. ಚಿಕ್ಕಂದಿನಿಂದ ನೋಡಿದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಒಂದು ಉಪಾಯ ಮಾಡಿ: ಬೇರೆ ಊರಿನ ಗೆಳತಿಯೊಬ್ಬಳನ್ನು ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ. ಘಟ್ಟದ ಮೇಲಿನವಳು, ಮೀನು ತಿನ್ನದವಳು ಆದರೆ ಇನ್ನೂ ಒಳ್ಳೆಯದು. ಅವಳು ಏನೇನು ಕೇಳುತ್ತಾಳೋ ಬರೆದುಕೊಳ್ಳಿ.

ಇನ್ನೊಂದು ಜಾಗ್ರತೆ. ಹೆಸರು ಬದಲಿಸಿದರೆ ಸಾಕು ಅಂದುಕೊಳ್ಳಬೇಡಿ. ‘ಮೂವರು ಗಂಡುಮಕ್ಕಳಿದ್ದು ಒಬ್ಬ ದುಬೈಯಲ್ಲಿರುವ ವಿಧವೆ’ ಅಂತ ಬರೆದರೆ ನಿಮ್ಮ ಊರಲ್ಲಿ ಅದು ಯಾರು ಅಂತ ಬಸ್ ಸ್ಟ್ಯಾಂಡಿನಲ್ಲಿ ಕೂತವರೂ ಹೇಳುತ್ತಾರೆ. ನಾಳೆಯೂ ನಿಮ್ಮ ಆಯಿ ಅವರ ಪಕ್ಕದಲ್ಲೇ ಕೂತು ವ್ಯಾಪಾರ ಮಾಡಬೇಕು. ಹಾಗೆಯೇ ಕೊಂಕಣಿಯಲ್ಲಿ ಹೇಳಿದವರ ಮಾತನ್ನು ಮೊದಲು ಕೊಂಕಣಿಯಲ್ಲೇ ಬರೆದಿಟ್ಟುಕೊಳ್ಳಿ, ಆಮೇಲೆ ಕನ್ನಡ ಮಾಡಿ. ನೇರವಾಗಿ ಪುಸ್ತಕದ ಕನ್ನಡಕ್ಕೆ ತಂದರೆ ಅವರ ಬಾಯಲ್ಲಿ ನಿಮ್ಮ ಮಾತು ಬಂದುಬಿಡುತ್ತದೆ.

ಗೈಡ್ ಹತ್ತಿರ ಮುಂದಿನ ಸಲ ಹೋಗುವಾಗ ‘ಯಾವ ವಿಷಯ ತಗೊಳ್ಳಲಿ ಸರ್’ ಅಂತ ಖಾಲಿ ಕೈಯಲ್ಲಿ ಹೋಗಬೇಡಿ. ಒಂದೇ ಹಾಳೆಯಲ್ಲಿ ಎರಡು ಪ್ರಶ್ನೆ ಬರೆಯಿರಿ. ಒಂದೊಂದರ ಕೆಳಗೆ ಯಾರನ್ನು ಮಾತಾಡಿಸುತ್ತೀರಿ, ಎಲ್ಲಿ, ಯಾವ ತಿಂಗಳು ಅಂತ ಎರಡು ಸಾಲು. ಕೆಲವು ಕಡೆ ಶೀರ್ಷಿಕೆ ಒಮ್ಮೆ ನೋಂದಣಿ ಆದರೆ ಬದಲಿಸಲು ಸರ್ಕಸ್ ಮಾಡಬೇಕು. ಅಂಥ ಕಡೆ ಶೀರ್ಷಿಕೆಯನ್ನು ಸ್ವಲ್ಪ ಸಡಿಲವಾಗಿಟ್ಟು, ಒಳಗಿನ ಪ್ರಶ್ನೆಯನ್ನು ಬಿಗಿ ಮಾಡಿಕೊಳ್ಳಿ. ‘ಮೀನುಗಾರಿಕೆ ನಿಷೇಧದ ಅವಧಿ ಮತ್ತು ಮೀನು ಮಾರುವ ಮಹಿಳೆಯರು: ಅಂಕೋಲಾ ಮಾರುಕಟ್ಟೆ’ ಅಂದರೆ ಸಾಕು, ಉಳಿದದ್ದು ಮೊದಲ ಅಧ್ಯಾಯದಲ್ಲಿ.

ಆ ಹಾಳೆ ಬರೆಯುವ ಮೊದಲು ಆಯಿಯನ್ನು ಒಂದು ಪ್ರಶ್ನೆ ಕೇಳಿ: ಕಳೆದ ಜೂನಿನ ಮೊದಲ ವಾರ ಬುಟ್ಟಿಯಲ್ಲಿ ಏನಿತ್ತು? ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ ರಂಪಣಿಯ ಕಡೆ ಹೋಗಿ. ಸ್ವಲ್ಪ ಯೋಚಿಸಿ, ‘ಅದೊಂದು ದೊಡ್ಡ ಕಥೆ’ ಅಂದರೆ, ಪೆನ್ನು ತೆಗೆದುಕೊಳ್ಳಿ.